ಡಾಕ್ಟರಮ್ಮನ ಮೆಲುದನಿ

"ಮುಚ್ಚೇ ಬಾಯಿ, ಲೌಡಿ! ಗಂಡನ ಮಗ್ಗುಲಲ್ಲಿ ಬಿದ್ಕೊಂಡಾಗ ಹಲ್ಲು ಕಿಸೀತಿದ್ದೆ, ಈಗ ಊರಿಗೇ ಕೇಳೋ ಹಂಗೆ ಅರಚ್ತೀಯಾ? ಅಗಲಿಸೇ ಕಾಲು!"

ತೊಡೆಯ ಮೇಲೆ ಛಟೀರೆಂದು ಒಂದು ಏಟು ಬಿತ್ತು. ಹೆರಿಗೆ ಮೇಜಿನ ಮೇಲಿದ್ದ ಕೂಲಿ ಹೆಂಗಸು ನೋವಿಗಲ್ಲ, ಅವಮಾನಕ್ಕೆ ತೆಪ್ಪಗಾದಳು. ಬೈದವಳೂ ಹೊಡೆದವಳೂ ಆಯಾ. ಡಾಕ್ಟರಮ್ಮ ಮೇಜಿನ ತುದಿಯಲ್ಲಿ ನಿಂತು, "ಆಯ್ತು ಕಂದಾ, ಇನ್ನೇನು ಆಗೇ ಹೋಯ್ತು" ಎಂದು ಹಾಲುಸಕ್ಕರೆಯಂಥ ದನಿಯಲ್ಲಿ ಹೇಳುತ್ತಿದ್ದರು.

ಆ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸದ ಹಂಚಿಕೆಯೇ ಹಾಗಿತ್ತು. ಡಾಕ್ಟರಮ್ಮನ ಕೈ ಚುರುಕು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಸೇವೆಗೆ ಸೇರಿದಾಗಿನಿಂದ ಅವರು ಯಾವ ಬಸುರಿಗೂ ಗದರಿದವರಲ್ಲ. ಗದರಬೇಕಾದಾಗ ಮುಖ ಅತ್ತ ತಿರುಗಿಸಿ, "ಆಯಾ, ಸ್ವಲ್ಪ ನೋಡಮ್ಮ" ಎನ್ನುವರು. ನೋಡುವುದೆಂದರೆ ಏನೆಂದು ಅರ್ಥವಾಗದ ಇಬ್ಬರು ಆಯಾಗಳು ಇವಳಿಗಿಂತ ಮುಂಚೆಯೇ ಕೆಲಸ ಕಳೆದುಕೊಂಡು ಮನೆ ಸೇರಿದ್ದರು. ಇವಳಿಗೆ ಬೇಗ ಅರ್ಥವಾಗಿತ್ತು. ಹೀಗೆ ಡಾಕ್ಟರಮ್ಮನಿಗೆ ದೇವತೆಯೆಂದು ಹೆಸರು ಬಂತು, ಆಯಾಗೆ ಮೈಕಮ್ಮನೆಂದು. ಬಾಣಂತಿಯರು ಮನೆಗೆ ಹೊರಡುವಾಗ ಡಾಕ್ಟರಮ್ಮನ ಕೈ ಹಿಡಿದು ಅಳುತ್ತಿದ್ದರು, ಮೈಕಮ್ಮನನ್ನು ಕಂಡರೆ ಉಗುಳುತ್ತಿದ್ದರು. ನೆಲ ಒರೆಸುವ ಕೆಲಸವೂ ಅವಳದೇ ಆದ್ದರಿಂದ ಆ ಉಗುಳನ್ನೂ ಅವಳೇ ಒರೆಸುತ್ತಿದ್ದಳು.

ಈಗ ಡಾಕ್ಟರಮ್ಮನ ನಿವೃತ್ತಿ ಹತ್ತಿರವಾಗಿತ್ತು. ತಾಯಂದಿರ ಸೇವೆಗೆಂದು ಕೊಡುವ ದೊಡ್ಡ ಪ್ರಶಸ್ತಿಯೊಂದಕ್ಕೆ ಅವರ ಹೆಸರು ಹೋಗಿತ್ತು. ಅವರ ಸೇವೆಯನ್ನು ಕಣ್ಣಾರೆ ನೋಡಲು ಸಮಿತಿಯವರು ಅಂದು ಬಂದು, ಹೆರಿಗೆ ಕೋಣೆಗೆ ಅಂಟಿಕೊಂಡ ಡಾಕ್ಟರಮ್ಮನ ಕೋಣೆಯಲ್ಲಿ ಕೂತಿದ್ದರು. ಕಣ್ಣಿಗೇನೂ ಕಾಣುವಂತಿರಲಿಲ್ಲ. ನಡುವಿನ ಹಲಗೆಯ ಗೋಡೆ ಮಾತ್ರ ಕೆಮ್ಮಿದರೂ ಕೇಳಿಸುವಂಥದ್ದು.

ಕೂಲಿ ಹೆಂಗಸಿನ ಹೆರಿಗೆ ಮುಗಿದ ಮೇಲೆ ಆಯಾ ಅವರಿಗೆ ಟೀ ತಂದಿಟ್ಟಳು.

"ಈಗ ಕೂಗಾಡಿದ್ದು ಇವಳೇನಾ?" ಎಂದರು ಸಮಿತಿಯ ಕನ್ನಡಕದ ಅಮ್ಮ. "ಅಬ್ಬಾ, ಎಂಥಾ ಹೊಲಸು ಬಾಯಿ! ಇಂಥವಳನ್ನ ಹೆಂಗ್ ಇಟ್ಕೊಂಡಿದೀರಿ ಡಾಕ್ಟ್ರೇ?"

ಡಾಕ್ಟರಮ್ಮ ನಿಟ್ಟುಸಿರಿಟ್ಟರು. "ಏನ್ ಮಾಡೋದು ಮೇಡಂ, ಹೇಳಿ ಹೇಳಿ ಸಾಕಾಯ್ತು. ಇವರು ಬೆಳೆದ ರೀತಿನೇ ಹಾಗೆ. ತೆಗೆದುಹಾಕೋಣ ಅಂದ್ರೆ ಪಾಪ, ಹೊಟ್ಟೆಪಾಡು."

ಆಯಾ ಹೊರಬಂದಳು. ಅವಳ ಚಿಂತೆಯೇ ಬೇರೆ. ವಾರ್ಡಿನ ಮೂಲೆಯ ಮಂಚದಲ್ಲಿ ಅವಳ ಸ್ವಂತ ಮಗಳು ಚೊಚ್ಚಲ ಹೆರಿಗೆಗೆ ಬಂದು ಮಲಗಿದ್ದಳು. ಬೇರೆ ಆಸ್ಪತ್ರೆಗೆ ಹೋಗುವ ಗತಿಯಿರಲಿಲ್ಲ. ಮುಟ್ಟು ನಿಂತಾಗಿನಿಂದ ತಾಯಿ ಮಗಳಿಗೆ ಕಲಿಸಿದ್ದು ಒಂದೇ ವಿದ್ಯೆ: ಬಾಯಿ ಬಿಡದೆ ಹೆರುವುದು. ಬಟ್ಟೆ ಕಚ್ಚಿಸಿ, ರಟ್ಟೆ ಜಿಗುಟಿ ಅಭ್ಯಾಸ ಮಾಡಿಸಿದ್ದಳು.

"ನೀನ್ ಕೂಗಿದ್ರೆ ಡಾಕ್ಟರಮ್ಮ ನನ್ ಕಡೆ ತಿರುಗ್ತಾಳೆ ಕಣೇ. ಆಮೇಲೆ ನಿನ್ನ ನಾನೇ ಬೈಬೇಕು. ಆ ಪಾಪ ನನ್ ಕೈಲಿ ಮಾಡಿಸ್ಬೇಡ."

ನರ್ಸು ಕೂಲಿ ಹೆಂಗಸಿನ ಕೂಸನ್ನೆತ್ತಿಕೊಂಡು ವಾರ್ಡಿಗೆ ಹೋಗಿದ್ದಾಗಲೇ ಮಗಳು ಮೇಜು ಹತ್ತಬೇಕಾಯಿತು. ಪಾಪದ ಹುಡುಗಿ ಬಟ್ಟೆ ಕಚ್ಚಿದಳು, ಕಣ್ಣು ಕೆಂಪಾಗುವಷ್ಟು ಹೊತ್ತು ನುಂಗಿಕೊಂಡಳು. ಕೊನೆಗೆ ಬಟ್ಟೆ ಜಾರಿ, "ಅವ್ವಾ!" ಎಂಬ ಕೂಗು ಸೂರು ಮುಟ್ಟಿತು.

"ಆಯಾ, ಸ್ವಲ್ಪ ನೋಡಮ್ಮ."

ಆಯಾ ಮಗಳ ಹಣೆ ಒರೆಸಿದಳು.

"ಆಯಾ. ನೋಡಮ್ಮ ಅಂದೆ."

ಅವಳಿಗೆ ಸಂಕಟವಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಹೋದರೆ ಹೋಗಲಿ ಈ ದರಿದ್ರ ಕೆಲಸ ಅನ್ನಿಸಿತು.

"ಕೂಗು ಮಗಳೇ. ನೋವು ನಿಂದು, ಬಾಯಿ ನಿಂದು. ಕೂಗು."

ಮಗಳು ಕೂಗಿದಳು. ಡಾಕ್ಟರಮ್ಮ ಹಲಗೆಯ ಗೋಡೆಯನ್ನೊಮ್ಮೆ, ಆಯಾಳನ್ನೊಮ್ಮೆ ನೋಡಿದರು. ಅಷ್ಟರಲ್ಲಿ ಮಗಳು ನೋವಿಗೆ ಝಾಡಿಸಿದ ಕಾಲು ನೇರ ಅವರ ಎದೆಗೇ ತಾಗಿತು.

"ಮುಚ್ಚೇ, ಹಡಬೆ ಮುಂಡೆ! ಬಸುರಾಗೋವಾಗ ಸುಖವಾಗಿತ್ತಾ? ಬಿದ್ದಿರು ಹೆಣದ ಹಂಗೆ!"

ಡಾಕ್ಟರಮ್ಮ ಒಂದಕ್ಷರ ತಡವರಿಸಲಿಲ್ಲ. ಅಷ್ಟು ವರ್ಷ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದರಲ್ಲ.

ಹಲಗೆಯಾಚೆಯಿಂದ ಕನ್ನಡಕದ ಅಮ್ಮನ ದನಿ ಬಂತು: "ಡಾಕ್ಟ್ರೇ, ಆ ಆಯಾನ ಮೊದ್ಲು ಹೊರಗೆ ಕಳಿಸಿ! ಕಿವಿ ಮುಚ್ಕೊಳ್ಳೋ ಹಂಗಾಗಿದೆ."

ಆಯಾಗೆ ಅಂಥ ಹೊತ್ತಿನಲ್ಲೂ ನಗು ಬಂತು. "ಈಗ್ ಬಂದೆ ಮಗಳೇ" ಎಂದು ಕೈ ಬಿಡಿಸಿಕೊಂಡು, ಬಾಗಿಲು ದಾಟಿ, ಅದನ್ನು ಎಳೆದು ಮುಚ್ಚಿ, ಸಮಿತಿಯವರ ಎದುರಿಗೇ ಹೋಗಿ ನಿಂತಳು. ಬಾಯಿ ಬಿಗಿದುಕೊಂಡೇ ನಿಂತಳು. ಒಳಗೆ ಬೈಗುಳ ನಿಲ್ಲಲಿಲ್ಲ; ಮೊದಲಿಗಿಂತ ಸರಾಗವಾಗಿ ಹರಿಯುತ್ತಿತ್ತು.

ಕನ್ನಡಕದ ಅಮ್ಮ ಅವಳ ಮುಚ್ಚಿದ ತುಟಿ ನೋಡಿದರು. ಗೋಡೆಯ ಕಡೆ ನೋಡಿದರು.

"ಒಳಗೆ... ಇನ್ನೊಬ್ಬಳು ಆಯಾ ಇದಾಳಾ?"

"ಇಲ್ಲಮ್ಮ. ಒಳಗಿರೋದು ನನ್ನ ಮಗಳು, ನಿಮ್ಮ ಡಾಕ್ಟ್ರು. ಇಬ್ರೇ. ಚೆನ್ನಾಗಿ ಕೇಳಿಸ್ಕೊಳ್ಳಿ" ಎಂದು ಆಯಾ ಮಗಳ ಕೈ ಹಿಡಿಯಲು ಒಳಗೆ ಹೋದಳು.