ಯಾವತ್ತಿನಿಂದ ಕೈಲಾಗದವನು

ನಾನು ಕೈಲಾಗದವನು ಎಂದು ಸರ್ಕಾರವೇ ಒಪ್ಪಿಕೊಂಡಿತ್ತು. ಗಾಯಗೊಂಡ ಮಾಜಿ ಸೈನಿಕನಿಗೆ ದುಡಿಯಲಾಗದಿದ್ದರೆ ಕೊಡುವ ಭತ್ಯೆಯೂ ಶುರುವಾಗಿತ್ತು. ತಕರಾರಿದ್ದದ್ದು ಯಾವತ್ತಿನಿಂದ ಎಂಬುದಕ್ಕೆ. 2023ರಿಂದ ಎಂದು ಅವರು. ಅಲ್ಲ ಸ್ವಾಮಿ, 2021ರಿಂದಲೇ ನಾನು ದಂಡಪಿಂಡ ಎಂದು ನಾನು. ತನ್ನ ಅಯೋಗ್ಯತೆಗೆ ಎರಡು ವರ್ಷ ಹೆಚ್ಚಿನ ಸೀನಿಯಾರಿಟಿ ಕೇಳಿ ಅಪೀಲು ಹೋದ ಕುಂದಾಪುರದವನು ಲಂಡನ್ನಿನಲ್ಲಿ ನಾನೊಬ್ಬನೇ ಇರಬೇಕು.

ಬ್ರಿಟಿಷ್ ಸೈನ್ಯದಲ್ಲಿ ನಾನು ಅಡುಗೆಯವನಾಗಿದ್ದೆ. ಲಾರಿ ಮಗುಚಿದಾಗ ಅನ್ನದ ಹಂಡೆ ಉಳಿಸಲು ಹೋಗಿ ಬೆನ್ನಿಗೆ ಪೆಟ್ಟಾಯಿತು; ಶತ್ರುವಿನ ಮುಖ ನೋಡಿದವನಲ್ಲ. ಆಮೇಲೆ ಕಿಂಗ್ಸ್‌ಬರಿಯ ಹೋಟೆಲೊಂದರಲ್ಲಿ ದೋಸೆ ಹುಯ್ದೆ, 2021ರಲ್ಲಿ ಬೆನ್ನು ಪೂರ್ತಿ ಕೈಕೊಡುವವರೆಗೆ. ಆಗಲೇ ಹಾಕಿದ ಮೊದಲ ಅರ್ಜಿ ನನ್ನ ಬಾಯಿಂದಲೇ ಕೆಟ್ಟಿತು. ನಮ್ಮ ಬಡಾವಣೆಯ ಡಾಕ್ಟರ್, ಇಲ್ಲಿಯವರ ಮಾತಲ್ಲಿ ಜಿಪಿ, ಹೇಗಿದ್ದೀರಿ ಎಂದಾಗಲೆಲ್ಲ ಆರಾಮ ಎನ್ನುತ್ತಿದ್ದೆ. ಹಾಗೆ ಕೇಳಿದವರಿಗೆ ನಮ್ಮಲ್ಲಿ ಯಾರಾದರೂ ನೋವಿನ ವರದಿ ಒಪ್ಪಿಸುವುದುಂಟೇ? ಪುಣ್ಯಾತ್ಮ ಅದನ್ನೇ ಬರೆದುಕೊಂಡ; ಆ ಅರ್ಜಿ ಬಿದ್ದುಹೋಗಿ, 2023ರಲ್ಲಿ ಹಾಕಿದ ಎರಡನೆಯದು ಪಾಸಾಯಿತು.

ಎರಡು ವರ್ಷದ ಬಾಕಿ ಬಂದರೆ ಸಾಲ ತೀರಿ, ಹೆಂಡತಿ ನೀರಜಾ ಗ್ರೀನ್‌ಫರ್ಡಿನ ಗೋದಾಮಿನಲ್ಲಿ ಎರಡನೇ ಪಾಳಿ ಬಿಡಬಹುದಿತ್ತು. ನನಗೆ ಬೇಕಿದ್ದದ್ದು ಅದೊಂದೇ.

ವಿಚಾರಣೆಗೆ ಸೂಟು ಹಾಕಿ, ಪದಕ ಚುಚ್ಚಿಕೊಂಡು, ನೀರಜಾಳ ಜೊತೆ ಮದುಮಗನಂತೆ ಹೋದೆ. ನ್ಯಾಯಾಧೀಶೆ ಬಂದಾಗ ಹಲ್ಲು ಕಚ್ಚಿ ಅಟೆನ್ಷನ್‌ನಲ್ಲಿ ನಿಂತೆ. ಹೇಗಿದ್ದೀರಿ ಎಂದು ಆಕೆ ಕೇಳಿದರು.

"ವೆರಿ ವೆಲ್, ಥ್ಯಾಂಕ್ ಯೂ ಮ್ಯಾಡಂ," ಎಂದೆ.

ನನ್ನ ವಕೀಲ ಸಂಪತ್ ಹಣೆ ಹಿಡಿದುಕೊಂಡ. ನೀರಜಾಳಿಗೆ ತಡೆಯಲಾಗಲಿಲ್ಲ.

"ಇವ್ರ್ ಸುಳ್ಳ್ ಹೇಳೂದ್! ಬೂಟಿನ ಲಾಡಿ ಕಟ್ಟೂಕೆ ಬಗ್ಗೂಕಾತಿಲ್ಲೆ. ಹೋಟ್ಲ್ ಬಿಟ್ಟ ವರ್ಷದಿಂದ ನಾನೇ ಕಟ್ಟೂದ್. ಬಚ್ಚಲಿನ ಬಾಗ್ಲ್ ಹಾಕಿ, ನಲ್ಲಿ ಬಿಟ್ಕಂಡ್ ಮರ್ಕ್ತಿದ್ರ್. ನಂಗೆ ಗೊತ್ತಿಲ್ಲೆ ಅಂದ್ ಎಣ್ಸಿದ್ರ್. ಹಾಂಗೇ ಎಣ್ಸಲಿ ಅಂದ್ ನಾ ಸುಮ್ನಿದ್ದೆ."

ನಾನು ಅಳುತ್ತಿದ್ದದ್ದು ಲೋಕಕ್ಕೇ ಗೊತ್ತಿಲ್ಲವೆಂದು ನಂಬಿದ್ದೆ. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಸಂಪತ್ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದ. ಇದು ನಿಜವೇ ಎಂದು ನ್ಯಾಯಾಧೀಶೆ ನನ್ನನ್ನೇ ಕೇಳಿದರು. ಇಲ್ಲವೆಂದರೆ ನನ್ನ ಮಾನ ಉಳಿಯುತ್ತಿತ್ತು, ಹೌದೆಂದರೆ ಅವಳ ಪಾಳಿ ತಪ್ಪುತ್ತಿತ್ತು.

"ಯೆಸ್ ಮ್ಯಾಡಂ," ಎಂದೆ. ಅಷ್ಟಕ್ಕೇ ಅಳು ನುಗ್ಗಿ ಬಂತು. ಸಂಪತ್ ಕರ್ಚೀಫು ಹಿಡಿದು ಎದ್ದ. ನೀರಜಾ ಅವನ ಕೈ ತಡೆದಳು.

"ಬ್ಯಾಡ. ಅವ್ರ್ ಕಾಣ್ಲಿ."

ನ್ಯಾಯಾಧೀಶೆ ಕಂಡರು. 2021ರಿಂದಲೇ ಎಂದು ತೀರ್ಪಾಯಿತು, ನೀರಜಾ ಆ ವಾರವೇ ಎರಡನೇ ಪಾಳಿ ಬಿಟ್ಟಳು.