ಬೇಡವೆಂದರೂ ನಿಂತವಳು

ಯಾರಾದರೂ ‘ಬೇಡ’ ಎಂದರೆ ಧೃತಿಯ ಮುಖ ಬಾಡುತ್ತಿರಲಿಲ್ಲ. ಕತ್ತು ತುಸು ಓರೆ ಮಾಡಿ, ಅಪ್ಪನ ಹಳೆಯ ದೊಗಲೆ ಕೋಟಿನ ಜೇಬಿಗೆ ಎರಡೂ ಕೈ ಇಳಿಬಿಟ್ಟು, ಮಾತಿನ್ನೂ ಮುಗಿದಿಲ್ಲವೆಂಬಂತೆ ನಿಂತೇ ಇರುತ್ತಿದ್ದಳು. ತಪ್ಪು ಅವಳದಲ್ಲ. ಅಮೆರಿಕದ ಟ್ರಾಯ್ ಊರಿನ ನಮ್ಮ ಕನ್ನಡಿಗರ ಮನೆಗಳಲ್ಲಿ ಕಾಫಿಗೆ ಮೊದಲು ‘ಬೇಡ’ ಎನ್ನುವುದು ಮರ್ಯಾದೆ, ಮತ್ತೆ ಮತ್ತೆ ಒತ್ತಾಯಿಸುವುದು ಉಪಚಾರ. ಚಿಕ್ಕಂದಿನಲ್ಲಿ ಮೈಸೂರಿನಿಂದ ಬಂದ ಈ ಪಕ್ಕದ ಮನೆಯ ಹುಡುಗಿ ಅದನ್ನೇ ಲೋಕಧರ್ಮವೆಂದು ನಂಬಿಬಿಟ್ಟಿದ್ದಳು.

2009ರ ಆರ್ಥಿಕ ಹಿಂಜರಿತದಲ್ಲಿ, ಇಂಜಿನಿಯರಿಂಗ್ ಪದವಿ ಕೈಗೆ ಬರುವ ಹೊತ್ತಿಗೆ, ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದು ಅವಳಿಗೆ ಕೊಟ್ಟಿದ್ದ ಕೆಲಸವನ್ನು ಸೇರುವ ಮೊದಲೇ ಕಿತ್ತುಕೊಂಡಿತು. ಹತ್ತಿರದ ಆಬರ್ನ್ ಹಿಲ್ಸ್ ಊರಿನ ಸುತ್ತಲಿನ ಸಣ್ಣ ವರ್ಕ್‌ಶಾಪುಗಳ ಯಂತ್ರಗಳನ್ನು ಸ್ವಂತವಾಗಿ ರಿಪೇರಿ ಮಾಡುತ್ತೇನೆಂದು ಅವಳು ಹೊರಟಾಗ ತಂದೆ ತಿರುಮಲೇಶ ಕೆರಳಿದರು. ದೀಪಾವಳಿಯೊಳಗೆ ಒಬ್ಬ ಗಿರಾಕಿಯಾದರೂ ಸಿಗದಿದ್ದರೆ, ಚಿಕ್ಕಪ್ಪ ಶಿಕಾಗೊದಲ್ಲಿ ಹೊಂದಿಸಿದ್ದ ಆಫೀಸು ಕೆಲಸಕ್ಕೆ ಸೇರಬೇಕೆಂದು ಮಾತಾಯಿತು. ಮನೆಮನೆಯಲ್ಲೂ ಕೆಲಸ ಹೋಗುತ್ತಿದ್ದ ಕಾಲ. ಆ ತಂದೆಯ ಭಯವನ್ನು ನಾನು ಅಲ್ಲಗಳೆಯಲಾರೆ.

ಅಂಥದೊಂದು ವರ್ಕ್‌ಶಾಪಿನ ಮುದುಕ ಮಾಲೀಕನ ಬಳಿಗೆ, ಆತ ಬೇಡವೆಂದರೂ, ಅವಳು ನಮ್ಮ ಉಪಚಾರದ ಲೆಕ್ಕದಲ್ಲೇ ಮತ್ತೆ ಮತ್ತೆ ಹೋದಳು. ಕೊನೆಗೆ ಆತ ಕೆಲಸಗಾರರೆದುರೇ ಗದರಿ ಹೊರಗಟ್ಟಿದ. ಅಂದು ಸಂಜೆ ನಮ್ಮ ಅಡುಗೆಮನೆಯಲ್ಲಿ ಕುಳಿತು ಮನಸಾರೆ ಅತ್ತಳು. ಅತ್ತು ಮುಗಿದ ಮೇಲೆ, “ಅಂಕಲ್, ಅವರು ಬೇಡ ಅಂದಿದ್ದು ಸರ್ವೀಸನ್ನ, ನನ್ನನ್ನಲ್ಲ. ಯಾಕೆ ಬೇಡ ಅಂತ ನಾನು ಕೇಳ್ಲೇ ಇಲ್ಲ ನೋಡಿ,” ಎಂದಳು.

ಮರುದಿನ ಹೋಗಿ ಕ್ಷಮೆ ಬೇಡಿ, ಅದೊಂದನ್ನೇ ಕೇಳಿದಳು. ಕೆಲಸದ ದಿನ ರಿಪೇರಿಗೆಂದು ಯಂತ್ರ ನಿಲ್ಲಿಸಿದರೆ ಉಳಿದಿರುವ ಅಷ್ಟಿಷ್ಟು ಆರ್ಡರೂ ಕೈತಪ್ಪುತ್ತದೆ, ಭಾನುವಾರ ರಿಪೇರಿಗೆ ಯಾರೂ ಬರುವುದಿಲ್ಲ ಎಂದು ಮುದುಕ ಗೊಣಗಿದ. ಭಾನುವಾರ ತಾನು ಬರುವೆನೆಂದಳು, ಆತ ಒಪ್ಪಿದ.

ಆ ಭಾನುವಾರವೇ ದೇವಸ್ಥಾನದಲ್ಲಿ ದೀಪಾವಳಿ. ಊಟದ ಸಾಲಿನಲ್ಲಿ ಯಾರೋ ತಿರುಮಲೇಶರನ್ನು, “ಮಗಳು ಕಾಣ್ತಿಲ್ಲ? ಈಗ ಯಾವ ಕಂಪನೀಲಿದಾಳೆ?” ಎಂದು ಕೇಳಿದರು. ನಮ್ಮಲ್ಲಿ ಮನುಷ್ಯನ ಗುರುತೇ ಕಂಪನಿ. ತಿರುಮಲೇಶರು ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು, “ಅವಳದ್ದೇ ಸ್ವಂತ ಕೆಲಸ. ಇವತ್ತೂ ಕೆಲಸದ ಮೇಲಿದಾಳೆ. ಊಟ ತಗೊಂಡು ಹೋಗ್ಬೇಕು ನಾನು,” ಎಂದು ಡಬ್ಬಿ ತುಂಬಿಸಿಕೊಂಡು ಹೊರಟರು. ನನ್ನ ಕಣ್ಣು ತುಂಬಿ ಬಂತು.

ಇಂಥವರನ್ನು ಧೈರ್ಯವಂತರೆಂದು ಕರೆದು ನಾವು ಕೈತೊಳೆದುಕೊಳ್ಳುತ್ತೇವೆ. ಆ ವರ್ಷ ಧೈರ್ಯ ಯಾರಲ್ಲೂ ಉಳಿದಿರಲಿಲ್ಲ, ಅವಳಲ್ಲೂ. ಸ್ವಂತ ದುಡಿಮೆಗೆ ಇಳಿಯುವವರಿಗೂ ತಿರಸ್ಕಾರದಿಂದ ನಮ್ಮಷ್ಟೇ ನೋವಾಗುತ್ತದೆ. ಆದರೆ ಆ ನೋವಿನ ನಡುವೆಯೂ ಎದುರಿಗಿದ್ದವನ ಕಷ್ಟವೇನೆಂದು ಕೇಳುವಷ್ಟು ಜಾಗ ಅವರ ಮನಸ್ಸಿನಲ್ಲಿ ಉಳಿದಿರುತ್ತದೆ.