ಗೇರ್ ಬಾಕ್ಸಿನ ಎಣ್ಣೆ

ಬಾಗಿಲಲ್ಲಿ ಬಿಟ್ಟ ಚಪ್ಪಲಿ ಚೂರು ಸರಿದಿದ್ದರೂ ಯಾರೋ ಹಾಕಿಕೊಂಡು ಊರು ಸುತ್ತಿ ಬಂದಿದ್ದಾರೆ ಎನ್ನುವ ಆಸಾಮಿ ಅಣ್ಣ. ಅಂಥವನ ಕೊರಳಿಗೆ ಒಂದು ಹಳೇ ಜೀಪು ಬೇರೆ ಗಂಟುಬಿದ್ದಿತ್ತು.

ಗುಜರಿಗೆ ಹೋಗಬೇಕಿದ್ದ ಅದನ್ನು ಅಣ್ಣ ತಮ್ಮ ಸೇರಿ ಎಳೆದು ತಂದು, ಮನೆ ಪಕ್ಕದ ತಗಡಿನ ಶೆಡ್ಡಿನಲ್ಲಿ ಭಾನುವಾರಗಳನ್ನು ಸುರಿದು ಬದುಕಿಸಿದ್ದರು. ಅಣ್ಣ ಕೆಳಗೆ ಅಂಗಾತ ಮಲಗಿ ಸ್ಪ್ಯಾನರ್ ತಿರುಗಿಸುವುದು, ತಮ್ಮ ಪಕ್ಕದಲ್ಲಿ ಮಲಗಿ ಟಾರ್ಚ್ ಹಿಡಿಯುವುದು. ಅಪ್ಪ ಹೋದ ಮೇಲೆ ಇಬ್ಬರೂ ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಜೀಪಿನ ಹೊಟ್ಟೆಯಡಿ ಮಾತ್ರ. ಅದು ಹೋದರೆ ತನಗೆ ತಮ್ಮನೂ ಹೋದಂತೆ ಎಂದು ಅಣ್ಣನಿಗೆ ಗೊತ್ತಿತ್ತು. ಗೊತ್ತಿದ್ದರೇನು, ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ.

ಗೇರ್ ಬಾಕ್ಸಿನ ಪಕ್ಕದ ಬಿರಡೆ ಬಿಚ್ಚಿ ಬೆರಳು ತೂರಿಸಿದರೆ ಎಣ್ಣೆ ತಾಗಬೇಕು. ಒಂದು ಭಾನುವಾರ ಅಣ್ಣನ ಬೆರಳಿಗೆ ತಾಗಲಿಲ್ಲ. ಸುರಿದು ತುಂಬಿಸಿದ. ಮುಂದಿನ ಸಲವೂ ತಾಗಲಿಲ್ಲ. ಕೆಳಗೆ ಹಾಸಿದ್ದ ರಟ್ಟಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಸೋರದ ಎಣ್ಣೆ ಕಡಿಮೆಯಾಗಿದೆ ಎಂದರೆ ಯಾರೋ ತೆಗೆದಿದ್ದಾರೆ! ಮಹಡಿ ಮೇಲಿನ ಕೋಣೆಯಲ್ಲಿರುವ ತಮ್ಮ ಕೆಲಸಕ್ಕಿರುವುದು ಮರ ಕೊಯ್ಯುವ ಕಾರ್ಖಾನೆಯಲ್ಲಿ, ಅಲ್ಲಿಯ ಯಂತ್ರಗಳೂ ಅಂಥದೇ ದಪ್ಪ ಎಣ್ಣೆ ಕುಡಿಯುತ್ತವೆ. ಲೆಕ್ಕ ಸರಿಹೋಯಿತು.

ಅಣ್ಣ ಬಿರಡೆಯ ಮೇಲೆ ಕೆಂಪು ಬಣ್ಣದ ಗೀಟು ಎಳೆದ. ಯಾರಾದರೂ ಬಿಚ್ಚಿದರೆ ಗೀಟು ಒಡೆಯಬೇಕು. ಎಣ್ಣೆ ಮತ್ತೆ ಇಳಿಯಿತು, ಗೀಟು ಮಾತ್ರ ಎಳೆದಂತೆಯೇ ಇತ್ತು. ಬೇರೆ ಯಾರಾಗಿದ್ದರೂ ಅಲ್ಲಿಗೆ ಅನುಮಾನ ಬಿಡುತ್ತಿದ್ದರು. ಆದರೆ ಅದೇ ಕೆಂಪು ಬಣ್ಣದ ಡಬ್ಬಿ ತಮ್ಮನ ಕೋಣೆಯಲ್ಲೂ ಇರುವುದು ಅಣ್ಣನಿಗೆ ನೆನಪಾಯಿತು, ಬಿಚ್ಚಿದ ಮೇಲೆ ಗೀಟನ್ನು ಮತ್ತೆ ಎಳೆದಿರಬೇಕು! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟ. "ಎಣ್ಣೆ ಬೇಕಿದ್ರೆ ಕೇಳಿ ತಗೋಬಾರದಾ?"

ತಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. "ನಾನು ಕಳ್ಳನಾ, ಅಣ್ಣ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಯಾಕೋ ಮುಟ್ಟಿ ನೋಡ್ಕೋತೀಯ?"

ಅತ್ತಿಗೆ ಅಡ್ಡ ಬಂದರೂ ತಮ್ಮ ನಿಲ್ಲಲಿಲ್ಲ. ಬಟ್ಟೆ ಗಂಟು ಕಟ್ಟಿಕೊಂಡು ಕಾರ್ಖಾನೆಯ ಹಿಂದಿನ ಕೋಣೆಗೆ ಹೋಗಿಬಿಟ್ಟ.

ಅಣ್ಣ ಶೆಡ್ಡಿಗೆ ಬೀಗ ಜಡಿದು, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡ. ಎಣ್ಣೆ ಆಮೇಲೂ ಇಳಿಯಿತು.

"ಅವನಿಗೆ ನೀನೇನಾದ್ರೂ ಕೀ ಕೊಟ್ಟಿದ್ದೀಯಾ?" ಎಂದು ಹೆಂಡತಿಯನ್ನು ಕೇಳಿದ.

ಅವಳು ಸೌಟು ಕೆಳಗಿಟ್ಟಳು. "ಸರಿ, ಈಗ ನನ್ನ ಸರದಿನಾ? ಮನೇಲಿ ಇನ್ನು ಉಳಿದಿರೋದು ಆ ಜೀಪೊಂದೇ. ಅದನ್ನೂ ಒಂದ್ಸಲ ವಿಚಾರಿಸಿಬಿಡಿ."

ಸಿಟ್ಟಿನಲ್ಲೇ ಜೀಪಿನಡಿ ನುಸುಳಿದ. ಗೇರ್ ಬಾಕ್ಸಿನ ಬೆನ್ನಿಗೆ ಅಂಟಿಕೊಂಡು ಇನ್ನೊಂದು ಪೆಟ್ಟಿಗೆ ಇದೆ, ನಾಲ್ಕೂ ಚಕ್ರಗಳಿಗೆ ಬಲ ಹಂಚುವಂಥದ್ದು. ಅದು ಎಂದೂ ತೊಂದರೆ ಕೊಟ್ಟಿರಲಿಲ್ಲ, ಹಾಗಾಗಿ ಇವನೂ ಅದನ್ನು ಮುಟ್ಟಿರಲಿಲ್ಲ. ಅದರ ಬಿರಡೆ ಬಿಚ್ಚಿದ್ದೇ ತಡ, ಎಣ್ಣೆ ಧೋ ಎಂದು ಎದೆ, ಕತ್ತು, ಕಿವಿಯ ಮೇಲೆಲ್ಲ ಸುರಿಯಿತು. ಎರಡು ಪೆಟ್ಟಿಗೆಗಳ ನಡುವೆ ಎಣ್ಣೆ ದಾಟದಂತೆ ತಡೆಯುವ ಸೀಲ್ ಸವೆದುಹೋಗಿತ್ತು. ಇವನು ಒಂದಕ್ಕೆ ತುಂಬಿಸಿದ್ದೆಲ್ಲ ಸದ್ದಿಲ್ಲದೆ ಇನ್ನೊಂದಕ್ಕೆ ದಾಟಿತ್ತು.

ಹೊರಗೆ ಬಂದವನನ್ನು ಹೆಂಡತಿ ಅಡಿಯಿಂದ ಮುಡಿಯವರೆಗೆ ನೋಡಿದಳು. "ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ," ಎಂದಳು. ನಗಲಿಲ್ಲ.

ಅಣ್ಣನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಮಾಧಾನವಾಯಿತು, ತಮ್ಮ ಕಳ್ಳನಲ್ಲ! ಮೈ ಕೂಡ ತೊಳೆಯದೆ ಕಾರ್ಖಾನೆಗೆ ಓಡಿದ. ತಮ್ಮ ಗರಗಸಕ್ಕೆ ಹಲಗೆ ಕೊಡುತ್ತಿದ್ದ.

"ಎಣ್ಣೆ ಸಿಕ್ತು ಕಣೋ! ಜೀಪಿನೊಳಗೇ ಇತ್ತು. ಸೀಲ್ ಹೋಗಿದೆ ಅಷ್ಟೆ. ತಪ್ಪಾಯ್ತು, ಮನೆಗೆ ಬಾ."

ತಮ್ಮ ಯಂತ್ರ ನಿಲ್ಲಿಸಿ, ಮುಖದ ಹೊಟ್ಟು ಒರೆಸಿಕೊಂಡ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಒಂದು ಮಾತು ಕೇಳ್ತೀನಿ ಅಣ್ಣ. ಎಣ್ಣೆ ಸಿಗದೇ ಇದ್ದಿದ್ರೆ ಬರ್ತಿದ್ದೆಯಾ?"

ಬರುತ್ತಿದ್ದೆ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಅಣ್ಣ ತಲೆ ತಗ್ಗಿಸಿದ.

ತಮ್ಮ ಯಂತ್ರ ಚಾಲು ಮಾಡಿ ಮುಂದಿನ ಹಲಗೆ ಎತ್ತಿಕೊಂಡ.